ಅತ್ತೆ ಎಲೆ ನೋಡುವುದಿಲ್ಲ

ನನ್ನ ಡೈರಿಯ ಒಂದು ಪುಟದ ಮೇಲೆ ‘ಅತ್ತೆಯ ತಂತ್ರ’ ಎಂದು ಬರೆದು ಕೆಳಗೆ ಎರಡು ಗೆರೆ ಎಳೆದಿದ್ದೇನೆ. ಒಂದು ಗೆರೆ ಸಾಕಿತ್ತು. ಅದರ ಕೆಳಗಿರುವುದು ಇಷ್ಟು: ‘ಮೊದಲು ಸುಮ್ಮನಿರುವುದು. ಇಬ್ಬರೇ ಉಳಿದಾಗ ಒಮ್ಮೆಲೇ ಏರಿಸುವುದು. ಎದುರಿನವರು ಉಸಿರು ಬಿಡುವ ಮೊದಲೇ ಮತ್ತೆ ಏರಿಸುವುದು. ಎಲೆಯನ್ನು ಕೊನೆಯವರೆಗೂ ನೋಡದೇ ಇರುವುದು. ಅದ್ಭುತ!’

ಆ ಕೊನೆಯ ಪದವನ್ನು ಈಗ ಓದಿದರೆ ನಾಚಿಕೆಯಾಗುತ್ತದೆ. ನಾನು ಕಾಲೇಜಿನಲ್ಲಿ ಅರ್ಥಶಾಸ್ತ್ರ ಪಾಠ ಮಾಡುತ್ತೇನೆ. ನನ್ನ ಸೋದರತ್ತೆಗೆ ಎರಡೂ ಕಣ್ಣಿಗೆ ಪೊರೆ ಬಂದಿದೆ ಎಂಬುದು ನನಗೆ ಗೊತ್ತಿತ್ತು. ಅವಳು ಇಸ್ಪೀಟಿನ ಎಲೆ ನೋಡದೆ ಆಡುತ್ತಾಳೆ ಎಂಬುದೂ ಗೊತ್ತಿತ್ತು. ಈ ಎರಡನ್ನೂ ಒಂದರ ಪಕ್ಕ ಒಂದಿಟ್ಟು ನೋಡಲು ನನಗೆ ತಿಂಗಳುಗಟ್ಟಲೆ ಬೇಕಾಯಿತು. ಇದನ್ನು ಓದುವವರಿಗೆ ಈಗಾಗಲೇ ತಿಳಿದಿರುತ್ತದೆ. ಅವರಿಗೆ ಓದು ಕಡಿಮೆ ಇರಬಹುದು.

ನಾನಿರುವುದು ಕಲಬುರಗಿಯ ಸೇಡಂ ರಸ್ತೆಯ ಹಿಂದಿನ ಬಡಾವಣೆಯೊಂದರಲ್ಲಿ. ಅತ್ತೆ ಮಾವ ಕಮಲಾಪುರದಲ್ಲಿರುತ್ತಾರೆ. ಭಾನುವಾರ ಬೆಳಿಗ್ಗೆ ಹುಮನಾಬಾದ್ ಕಡೆಯ ಬಸ್ಸು ಹತ್ತಿದರೆ ಒಂದು ತಾಸಿನಲ್ಲಿ ಅವರ ಬಾಗಿಲಲ್ಲಿರುತ್ತೇನೆ. ಊಟವಾದ ಮೇಲೆ ಪಡಸಾಲೆಯಲ್ಲಿ ಅತ್ತೆ ಹೊಲಿದ ಕೌದಿ ಹಾಸಿ ನಾಲ್ವರು ಕೂಡುತ್ತೇವೆ: ಅತ್ತೆ, ಮಾವ, ನಾನು, ಮತ್ತು ಪಕ್ಕದ ಮನೆಯ ಹೊಲಿಗೆಯಾಕೆ. ಆಕೆಯನ್ನು ಓಣಿಯಲ್ಲಿ ಎಲ್ಲರೂ ಆಪಾ, ಅಂದರೆ ಅಕ್ಕ, ಎನ್ನುತ್ತಾರೆ, ಆಕೆಗಿಂತ ದೊಡ್ಡವರೂ.

ಆಡುವುದು ಮೂರೆಲೆಯ ಆಟ, ತೀನ್ ಪತ್ತಿ. ರೊಕ್ಕ ಇಡುವಂತಿಲ್ಲ. ಮಾವ ನೆಹರು ಗಂಜಿನ ಅಡತಿ ಅಂಗಡಿಯೊಂದರಲ್ಲಿ ಕಾಳು ತೂಗುವ ಕೆಲಸ ಮಾಡಿ ನಿವೃತ್ತರಾದವರು. ‘ರೊಕ್ಕ ಇಟ್ಟರ ಜೂಜು, ತೊಗರಿ ಇಟ್ಟರ ಆಟ’ ಎಂಬುದು ಅವರು ಮಾಡಿದ ಕಾನೂನು. ಒಬ್ಬೊಬ್ಬರಿಗೆ ಒಂದೊಂದು ಬಟ್ಟಲು ತೊಗರಿಕಾಳು ಕೊಡುತ್ತಾರೆ. ಕೊಡುವಾಗ ಬಟ್ಟಲಿನ ಮೇಲೆ ಬೆರಳಾಡಿಸಿ ಸಮ ಮಾಡುವುದನ್ನು ಇನ್ನೂ ಬಿಟ್ಟಿಲ್ಲ. ನಡುವೆ ಒಂದು ಸ್ಟೀಲ್ ತಾಟು. ಪಣದ ಕಾಳು ಅದರೊಳಗೆ ಬೀಳಬೇಕು. ಆಟ ಮುಗಿದ ಮೇಲೆ ಎಲ್ಲವೂ ಡಬ್ಬಿಗೆ ವಾಪಸ್ಸು. ನಡುವಿನ ವಾರದಲ್ಲಿ ಅದೇ ಕಾಳು ಪಲ್ಯವಾಗುತ್ತದೆ. ಗೆದ್ದವರಿಗೆ ಸಿಗುವುದು ಒಂದೇ, ಕೂಲರಿನ ಎದುರಿಗೆ ಕೂಡುವ ಹಕ್ಕು. ನಮ್ಮ ಕಡೆಯ ಬೇಸಿಗೆ ಗೊತ್ತಿದ್ದವರು ಇದನ್ನು ಸಣ್ಣ ಬಹುಮಾನ ಎನ್ನಲಾರರು. ಆ ಜಾಗ ಅತ್ತೆಯದಾಗಿ ಬಹಳ ದಿನವಾಗಿತ್ತು.

ಆಟ ಗೊತ್ತಿಲ್ಲದವರಿಗೆ ಒಂದು ನಿಯಮ ಹೇಳಲೇಬೇಕು. ತನ್ನ ಎಲೆ ನೋಡದೆ ಆಡುವವರನ್ನು ಬ್ಲೈಂಡ್ ಎನ್ನುತ್ತಾರೆ. ಅವರು ಒಂದು ಕಾಳು ಹಾಕಿದರೆ ಎಲೆ ನೋಡಿದವರು ಎರಡು ಹಾಕಬೇಕು. ಕೊನೆಗೆ ಇಬ್ಬರೇ ಉಳಿದು, ಒಬ್ಬರು ನೋಡಿದವರು, ಇನ್ನೊಬ್ಬರು ನೋಡದವರು ಆಗಿದ್ದರೆ, ‘ಶೋ, ಎಲೆ ತೋರಿಸು’ ಎಂದು ಕೇಳುವ ಹಕ್ಕು ನೋಡದವರಿಗೆ ಮಾತ್ರ. ನೋಡಿದವರು ಎರಡರಷ್ಟು ಹಾಕುತ್ತಲೇ ಇರಬೇಕು, ಇಲ್ಲವೇ ಪ್ಯಾಕ್ ಎಂದು ಎಲೆ ಮಡಚಿಡಬೇಕು.

ಅತ್ತೆ ಎಲೆ ನೋಡುವುದಿಲ್ಲ. ಶೋ ಕೇಳುವುದೂ ಇಲ್ಲ. ಮೂರೂ ಎಲೆಗಳನ್ನು ಮೊಣಕಾಲಿನ ಕೆಳಗೆ ಒತ್ತಿಕೊಂಡು, ಮೊದಮೊದಲು ಒಂದೊಂದೇ ಕಾಳು ಹಾಕುತ್ತ, ಬೇರೆ ಏನೋ ಮಾತಾಡುತ್ತ ಕೂತಿರುತ್ತಾಳೆ. ಮಾವ ಎಲೆ ಇಡುತ್ತಾರೆ. ಆಪಾ ಇಡುತ್ತಾಳೆ. ನಾನೊಬ್ಬಳೇ ಉಳಿದಾಗ ಅತ್ತೆ ತಲೆಯನ್ನು ಒಂದು ಕಡೆಗೆ ಸ್ವಲ್ಪ ವಾಲಿಸಿ, ‘ಹೂಂ’ ಎಂದು ಎಂಟು ಕಾಳು ಹಾಕುತ್ತಾಳೆ. ನಾನು ಹದಿನಾರು. ಅವಳು ಹದಿನಾರು. ನಾನು ಮೂವತ್ತೆರಡು ಎಣಿಸುವಷ್ಟರಲ್ಲಿ ನನ್ನ ಧೈರ್ಯ ಮುಗಿದಿರುತ್ತದೆ.

“ಎಷ್ಟು ಓದಿದ್ರೇನು, ಎಣಸೂದು ಬಂತು, ಹಾಕೂದು ಬರಲಿಲ್ಲ,” ಎಂದು ಅತ್ತೆ ತಾಟನ್ನು ತನ್ನ ಕಡೆ ಎಳೆದುಕೊಳ್ಳುತ್ತಿದ್ದಳು.

ಅವಳ ಕಣ್ಣಿನ ಸಂಗತಿ ತಿಳಿದದ್ದು ಹೀಗೆ. ಕೌದಿ ಹೊಲಿಯುವಾಗ ಅತ್ತೆಗೆ ಸೂಜಿಗೆ ದಾರ ಪೋಣಿಸಲು ಆಗುತ್ತಿಲ್ಲ ಎಂದು ಆಪಾ ಹತ್ತಾರು ಸೂಜಿಗೆ ದಾರ ಪೋಣಿಸಿ ಗೋಡೆಯ ಕ್ಯಾಲೆಂಡರಿಗೆ ಚುಚ್ಚಿಟ್ಟು ಹೋಗುತ್ತಿದ್ದಳು. ನಾನು ಅದನ್ನು ನೋಡಿ ಅತ್ತೆಯನ್ನು ಸೇಡಂ ರಸ್ತೆಯ ಒಂದು ಕಣ್ಣಿನ ಆಸ್ಪತ್ರೆಗೆ ಕರೆದುಕೊಂಡು ಹೋದೆ. ಡಾಕ್ಟರು ಎರಡೂ ಕಣ್ಣಿಗೆ ಪೊರೆ ಇದೆ, ಒಂದಾದ ಮೇಲೆ ಒಂದು ಆಪರೇಷನ್ ಮಾಡಬೇಕು, ತಡ ಮಾಡಿದಷ್ಟೂ ಪೊರೆ ಗಟ್ಟಿಯಾಗಿ ಕಷ್ಟವಾಗುತ್ತದೆ ಎಂದರು. ನಮ್ಮ ಕಡೆ ಪೊರೆಗೆ ಮೋತಿಬಿಂದು ಎನ್ನುತ್ತಾರೆ. ಅತ್ತೆ ಹೊರಗೆ ಬಂದವಳೇ ಆಟೋದಲ್ಲಿ ಕೂತು ತೀರ್ಪು ಕೊಟ್ಟಳು.

“ಮೋತಿ ಅಂದ್ರ ಮುತ್ತು. ಮಂದಿ ಮುತ್ತು ಕೊಳ್ಳಾಕ ಹೈದರಾಬಾದಿಗಿ ಹೋಗ್ತಾರ. ನನಗ ಕಣ್ಣಾಗೇ ಬಂದು ಕೂತಾವ. ತಗಸೂದು ಯಾಕ?”

“ಅತ್ತಿ, ಹಾಸ್ಯ ಬಿಡು. ಆಮ್ಯಾಲ ಏನೂ ಕಾಣಂಗಿಲ್ಲ.”

“ಈಗ ಕಾಣೂದು ಸಾಕಾಗ್ಯದ.”

ಹೆದರಿದ್ದಳು. ಅದು ನನಗೆ ಗೊತ್ತಾಗದಂತೆ ಮುಂದಿನ ಹಲವು ವಾರ ಅವಳು ಬಹಳ ನಗಿಸಿದಳು. ನಾನು ಪ್ರತಿ ಭಾನುವಾರ ಕೇಳುವುದು, ಅವಳು ಹೊಸದೊಂದು ನೆವ ಹೇಳುವುದು. ಬಿಸಿಲು, ಸೆಖೆ, ಅಮಾವಾಸ್ಯೆ, ಉಪ್ಪಿನಕಾಯಿ ಹಾಕುವ ಕೆಲಸ. ಕೊನೆಗೊಂದು ದಿನ ನಾನು ಸಿಟ್ಟಾಗಿ ಆಟಕ್ಕೆ ಕೂಡುವುದಿಲ್ಲ ಎಂದೆ. ಅವಳು ಎಲೆ ಕಲಸುತ್ತಿದ್ದ ಮಾವನ ಕೈ ಹಿಡಿದು ನಿಲ್ಲಿಸಿದಳು.

“ಕೂಡು ಶಾಣ್ಯಾಕಿ. ಒಂದ್ ಮಾತು ಹೇಳ್ತೀನಿ. ಇಬ್ಬರೇ ಉಳದಾಗ ನನ್ನ ಒಮ್ಮೆ ಸೋಲಸು. ಒಮ್ಮೆ ಸಾಕು. ಆ ವಾರ ನಿನ್ನ ಕೂಡ ದವಾಖಾನಿಗಿ ಬರ್ತೀನಿ.”

“ಖರೇನ?”

“ಆಪಾ ಸಾಕ್ಷಿ.”

“ನಕ್ಕೋ ಅಕ್ಕಾ, ನನ್ನ ನಡುವ ಎಳೀಬ್ಯಾಡ್ರಿ,” ಎಂದಳು ಆಪಾ. ಆದರೂ ಸಾಕ್ಷಿಯಾದಳು.

ಡೈರಿಯಲ್ಲಿ ‘ಅತ್ತೆಯ ತಂತ್ರ’ ಹುಟ್ಟಿದ್ದು ಆ ವಾರ. ಈ ತಾರೀಖು ಮಾತ್ರ ನಾನು ನಂಬುವಂಥದ್ದು, ಏಕೆಂದರೆ ಅದು ಶಾಯಿಯಲ್ಲಿದೆ. ಫೋನಿನಲ್ಲಿ ಪೋಕರ್ ಆಡುವವರ ವಿಡಿಯೋಗಳನ್ನು ನೋಡಿದೆ. ಕಪ್ಪು ಕನ್ನಡಕ ಹಾಕಿಕೊಂಡವರು ಕೊನೆಯ ಸುತ್ತಿನಲ್ಲಿ ಎದುರಿದ್ದನ್ನೆಲ್ಲ ನಡುವಿಗೆ ನೂಕಿ, ಮುಖ ಕಲ್ಲು ಮಾಡಿಕೊಂಡು ಕೂಡುತ್ತಿದ್ದರು. ಕೊನೆಗೆ ಜೋರಾಗಿ ಏರಿಸುವವನ ಕೈಯಲ್ಲಿ ಏನಿದೆ ಎಂಬುದು ಮುಖ್ಯವಲ್ಲ, ಎದುರಿನವನು ಏನಿದೆ ಎಂದುಕೊಳ್ಳುತ್ತಾನೆ ಎಂಬುದೇ ಮುಖ್ಯ ಎಂದು ಒಬ್ಬ ವಿವರಿಸಿದ. ನಾನು ಟಿಪ್ಪಣಿ ಮಾಡಿಕೊಂಡೆ. ಸ್ನಾನದ ಮನೆಯ ಕನ್ನಡಿಯ ಎದುರು ಮುಖವನ್ನು ಕಲ್ಲು ಮಾಡುವುದನ್ನೂ ಅಭ್ಯಾಸ ಮಾಡಿದೆ. ಯಾರ ಎದುರು ಪ್ರಯೋಗಿಸಲು? ನನ್ನ ಮುಖವೇ ಸರಿಯಾಗಿ ಕಾಣದವಳ ಎದುರು.

ಮುಂದಿನ ಭಾನುವಾರ ಇಬ್ಬರೇ ಉಳಿದಾಗ ನಾನೇ ಮೊದಲು ಏರಿಸಿದೆ. ಒಂದು ಹಿಡಿ ಕಾಳನ್ನು, ವಿಡಿಯೋದಲ್ಲಿ ಕಂಡ ಹಾಗೆಯೇ, ತಾಟಿಗೆ ನೂಕಿದೆ. ಅರ್ಧದಷ್ಟು ಕಾಳು ತಾಟಿನ ಹೊರಗೆ ಬಿದ್ದವು. ಮಾವ ಒಂದೊಂದೇ ಹೆಕ್ಕಿ ಒಳಗಿಟ್ಟರು. ಅತ್ತೆ ತಲೆ ವಾಲಿಸಿ ಕೂತಿದ್ದಳು.

“ಎಷ್ಟು ಹಾಕಿದ್ಲು?”

“ನಲವತ್ತು,” ಎಂದರು ಮಾವ.

“ನನ್ನವೂ ನಲವತ್ತು.”

ಅವಳು ನಲವತ್ತು ಹಾಕಿದರೆ ನಾನು ಎಂಬತ್ತು ಹಾಕಬೇಕು. ನನ್ನ ಕೈಯಲ್ಲಿದ್ದದ್ದು ರಾಜ, ಎಂಟು, ಮೂರು. ನನ್ನ ಕಲ್ಲಿನ ಮುಖ ಕಲ್ಲಾಗಿಯೇ ಇತ್ತು, ಕೈ ಮಾತ್ರ ಎಲೆ ಮಡಚಿಟ್ಟಿತು. ಹೀಗೆ ಐದಾರು ವಾರ. ನಾನು ಸೋತ ಪ್ರತಿ ವಾರ ಅವಳ ಕಣ್ಣಿನ ಪೊರೆ ಇನ್ನಷ್ಟು ಗಟ್ಟಿಯಾಗುತ್ತಿದೆ ಎಂಬುದು ಬಸ್ಸಿನಲ್ಲಿ ಮರಳುವಾಗ ನೆನಪಾಗುತ್ತಿತ್ತು. ಆಗ ಆಟ ಆಟವಾಗಿ ಉಳಿಯುತ್ತಿರಲಿಲ್ಲ.

ಒಂದು ಭಾನುವಾರ ರೇಗಿ ಹೇಳಿಬಿಟ್ಟೆ: “ಕಣ್ಣು ಮುಚ್ಚಿ ಯಾರು ಬೇಕಾದ್ರೂ ಏರಸ್ತಾರ ಅತ್ತಿ. ಒಮ್ಮೆ ಎಲಿ ನೋಡಿ ಆಡಿ ತೋರಸು.”

ಅತ್ತೆ ಮೊಣಕಾಲಿನ ಕೆಳಗಿನಿಂದ ಮೂರೂ ಎಲೆ ತೆಗೆದಳು. ಹಿಂದೆ ಮುಂದೆ ಜೋಡಿಸಿದಳು, ಬೀಸಣಿಗೆಯ ಹಾಗೆ ಬಿಡಿಸಿದಳು, ಮುಖದ ಹತ್ತಿರ ತಂದು ತುಟಿ ಬಿಗಿದು ಗಂಭೀರವಾಗಿ ನೋಡಿದಳು. ಮೂರರಲ್ಲಿ ಒಂದು ಎಲೆಯ ಮುಖ ನಮ್ಮ ಕಡೆಗಿತ್ತು. ಅತ್ತೆ ಆ ಎಲೆಯ ಬೆನ್ನನ್ನು, ಅದರ ಕೆಂಪು ಬಳ್ಳಿಯ ಚಿತ್ತಾರವನ್ನು, ರಾಜನನ್ನೋ ರಾಣಿಯನ್ನೋ ಕಂಡವಳಂತೆ ನೋಡುತ್ತಿದ್ದಳು.

ಆ ಎಲೆ ಬದಾಮಿನ ಎಕ್ಕಾ ಎಂದು ನನ್ನ ನೆನಪು. ಹೃದಯದಾಕಾರದ ಒಂದು ಕೆಂಪು ಬದಾಮು, ಬಿಳಿಯ ನಡುವೆ, ನಮ್ಮನ್ನೇ ನೋಡುತ್ತಿತ್ತು. ಆದರೆ ಆ ರಾತ್ರಿ ಬರೆದ ಡೈರಿಯಲ್ಲಿ ‘ಕಿಲಾವರ್ ಏಳು’ ಎಂದಿದೆ. ನೆನಪಿಗೆ ಯಾವಾಗಲೂ ದೊಡ್ಡ ಎಲೆಯೇ ಬೇಕು.

ಆಪಾ ಬಾಯಿ ತೆರೆದಳು. ಮಾವ ಕೆಮ್ಮಿದರು. ಆಪಾ ಬಾಯಿ ಮುಚ್ಚಿದಳು.

“ಇಪ್ಪತ್ತು,” ಎಂದಳು ಅತ್ತೆ.

ಆಪಾ ಪ್ಯಾಕ್. ಮಾವ ಪ್ಯಾಕ್. ನನ್ನ ಕೈಯಲ್ಲಿ ಗುಲಾಮರ ಜೋಡಿ ಇತ್ತು. ಅತ್ತೆ ಆ ಹೊತ್ತು ಎಲೆ ನೋಡಿದವಳು, ಅಂದರೆ ನಾನು ಶೋ ಕೇಳಬಹುದಿತ್ತು. ಗೆದ್ದೂ ಬಿಡುತ್ತಿದ್ದೆನೇನೋ. ನನ್ನಿಂದ ಆಗಲಿಲ್ಲ. ಪ್ಯಾಕ್ ಎಂದೆ.

“ನೋಡಿ ಆಡಿದ್ರೂ ನಾನೇ,” ಎಂದು ಅತ್ತೆ ತಾಟು ಎಳೆದುಕೊಂಡಳು.

ಸಂಜೆ ಮಾವ ಬಸ್ ಸ್ಟ್ಯಾಂಡಿನವರೆಗೆ ಬಂದರು. ದಾರಿಯಲ್ಲಿ ಕೆಂಪು ಬಾಳೆಹಣ್ಣಿನ ಗಾಡಿಯ ಹತ್ತಿರ ನಿಂತು, ಹಣ್ಣು ಒತ್ತಿ ನೋಡುತ್ತ, ನನ್ನ ಮುಖ ನೋಡದೆ ಹೇಳಿದರು.

“ವರ್ಷ ಆತವ್ವಾ. ಎಲಿಯಾಗಿನ ಕೆಂಪು ಬದಾಮೂ ಕೆಂಪು ಚೌಕಟ್ಟೂ ಒಂದೇ ಕಾಣಸ್ತಾವ ಅಂದ್ಲು ನನಗ. ಆವತ್ತಿಂದ ಎಲಿ ನೋಡೂದೇ ಬಿಟ್ಲು. ಯಾರ ಮುಂದೂ ಹೇಳಬ್ಯಾಡ ಅಂದಾಳ.”

“ನನಗಾದ್ರೂ ಹೇಳಬೇಕಿಲ್ಲೇನ್ರಿ ಮಾವ?”

“ಹೇಳಿದ್ರ ನೀ ಅಯ್ಯೋ ಅಂತಿದ್ದಿ. ನೀ ಅಯ್ಯೋ ಅಂದ್ರ ಆಕಿ ಆಟ ಬಿಡ್ತಾಳ. ಆಟ ಬಿಟ್ರ ನಿನ್ನ ಶರತ್ತೂ ಹೋತು, ದವಾಖಾನಿನೂ ಹೋತು.” ಒಂದು ಚಿಪ್ಪು ಆರಿಸಿ ನನ್ನ ಚೀಲಕ್ಕೆ ಹಾಕಿದರು. “ಇವು ಎರಡು ದಿನ ಬಿಟ್ಟು ತಿನ್ನು.”

ಬಸ್ಸಿನಲ್ಲಿ ಕೂತು ನಾನು ಎರಡು ಯೋಚನೆ ಮಾಡಿದೆ. ಒಂದು ಕೀಳು ಯೋಚನೆ: ಅವಳಿಗೆ ಎಲೆ ಕಾಣದಿದ್ದರೆ, ನಾನು ‘ಗೆದ್ದೆ’ ಎಂದರೆ ಗೆದ್ದಂತೆಯೇ. ಇನ್ನೊಂದು, ಅಷ್ಟೊತ್ತಿಗೆ ಹೊಳೆಯಬೇಕಾಗಿದ್ದ ಸರಳ ಯೋಚನೆ: ನೋಡದವಳ ಎದುರು ನೋಡಿದವಳಿಗೆ ದಾರಿಯಿಲ್ಲ. ಎರಡರಷ್ಟು ಹಾಕಿ ಹಾಕಿ ಬರಿದಾಗಬೇಕು. ಅವಳ ಸಮಕ್ಕೆ ಕೂಡಬೇಕಾದರೆ ನಾನೂ ನೋಡಬಾರದು.

ಮುಂದಿನ ಭಾನುವಾರ ಎಲೆ ಬಿದ್ದ ಕೂಡಲೇ ನನ್ನ ಮೂರನ್ನೂ ಮೊಣಕಾಲಿನ ಕೆಳಗೆ ಒತ್ತಿಕೊಂಡೆ.

“ಇಕೀನೂ ನೋಡಂಗಿಲ್ಲಂತ,” ಎಂದರು ಮಾವ.

“ಯಾಕವ್ವಾ, ನಿನ್ನ ಕಣ್ಣಿಗೂ ಮುತ್ತು ಬಂದಾವೇನು?” ಎಂದಳು ಅತ್ತೆ.

ಮಾವ, ಆಪಾ ಬೇಗನೆ ಎಲೆ ಇಟ್ಟರು. ಉಳಿದದ್ದು ನಾವಿಬ್ಬರು, ಯಾರಿಗೂ ಯಾವ ಎಲೆಯೂ ಗೊತ್ತಿಲ್ಲದವರು. ಅತ್ತೆ ಎಂಟು ಹಾಕಿದಳು. ನಾನು ಎಂಟು. ಹದಿನಾರು, ಹದಿನಾರು. ಏನಿದೆ ಎಂದು ಗೊತ್ತಿಲ್ಲದಾಗ ಹೆದರುವುದು ಕೂಡ ಯಾವುದಕ್ಕೆ ಎಂದು ತಿಳಿಯದು. ನನಗೆ ಖುಷಿಯಾಗತೊಡಗಿತು. ಅತ್ತೆ ಮೂವತ್ತು ಎಂದಳು. ನಾನು ನಲವತ್ತು ಎಂದೆ.

“ಅರೆ ವಾ!” ಎಂದಳು ಆಪಾ.

ಅತ್ತೆಯ ತಲೆ ಪೂರಾ ಒಂದು ಕಡೆಗೆ ವಾಲಿತ್ತು. ಅವಳು ಇನ್ನೂ ನಲವತ್ತು ಹಾಕಿದಾಗ ನನ್ನ ಬಟ್ಟಲಿನ ತಳ ಕಾಣುತ್ತಿತ್ತು. ಉಳಿದದ್ದನ್ನೆಲ್ಲ ತಾಟಿಗೆ ಸುರಿದು, ನೋಡದವಳಿಗಿರುವ ಹಕ್ಕಿನಿಂದ, “ಶೋ,” ಎಂದೆ.

ಇಬ್ಬರೂ ಎಲೆ ತೆಗೆದು ಕೌದಿಯ ಮೇಲೆ ಅಂಗಾತ ಇಟ್ಟೆವು. ಅತ್ತೆ ತನ್ನವನ್ನು ನೋಡುವ ಗೋಜಿಗೆ ಹೋಗಲಿಲ್ಲ.

“ಆಪಾ, ನೀ ಸಾಕ್ಷಿ. ನೀನೇ ಓದು.”

ನನ್ನವು ರಾಜ, ಹತ್ತು, ನಾಲ್ಕು. ಜೋಡಿಯಿಲ್ಲ, ಏನಿಲ್ಲ. ಅತ್ತೆಯವು ರಾಣಿ, ಒಂಬತ್ತು, ಮತ್ತೆ ಇನ್ನೊಂದು ಒಂಬತ್ತು. ಜೋಡಿ ಇದ್ದರೆ ರಾಜನಿಗೆ ಬೆಲೆಯಿಲ್ಲ. ಅತ್ತೆ ಗೆದ್ದಿದ್ದಳು.

ಆಪಾ ಬಗ್ಗಿ ನೋಡಿದಳು. ಈಕೆ ಅಳತೆಯಲ್ಲಿ ಒಂದು ನೂಲು ತಪ್ಪಿದರೂ ಕುಪ್ಪಸ ಬಿಚ್ಚಿ ಮತ್ತೆ ಹೊಲಿಯುವ ಹೆಂಗಸು. ಒಂದು ಸುಳ್ಳನ್ನೂ ನಾನು ಆಕೆಯ ಬಾಯಲ್ಲಿ ಕೇಳಿರಲಿಲ್ಲ.

“ಅಕ್ಕಾ, ನಿಮ್ಮ ಹತ್ರ ಕುಚ್ ನಯೀ. ರಾಣಿ, ಒಂಬತ್ತು, ಆರು. ಇಕೀದು ರಾಜಾ ಅದ. ಇಕಿ ಗೆದ್ದಾಳ.”

ಮಾವ ತಿರುಗುವ ಫ್ಯಾನನ್ನು ನೋಡುತ್ತಿದ್ದರು. ನಾನು ಸುಮ್ಮನೆ ಕೂತೆ.

ಡೈರಿಯಲ್ಲಿ ಅಂದು ಎರಡೇ ಪದ ಇವೆ: ‘ನಾನು ಗೆದ್ದೆ.’ ಗೆರೆ ಇಲ್ಲ, ಉದ್ಗಾರವಿಲ್ಲ. ಈಗ ಆ ಎಲೆಗಳನ್ನು ನೆನೆಸಿಕೊಂಡರೆ ನನಗೇ ಅನುಮಾನ. ತಲೆಕೆಳಗಾದ ಆರು ಒಂಬತ್ತಿನ ಹಾಗೆಯೇ ಕಾಣುತ್ತದಲ್ಲ? ನಾನು ಕೂತದ್ದು ಅತ್ತೆಯ ಎದುರಿಗೆ. ಆಪಾ ಕೂತದ್ದು ಪಕ್ಕಕ್ಕೆ. ಆಕೆ ಕಂಡದ್ದೇ ನಿಜವಿರಬಹುದು. ಇಸ್ಪೀಟಿನ ಎಲೆಯಲ್ಲಿ ಅಂಕಿ ನೋಡಬೇಕಾಗಿಲ್ಲ, ಗುರುತುಗಳನ್ನು ಎಣಿಸಿದರೆ ಸಾಕು ಎಂದು ಮಾವ ಒಮ್ಮೆ ಹೇಳಿದರು. ನಾನು ಎಣಿಸಿರಲಿಲ್ಲ. ಎಣಿಸಲು ಮನಸ್ಸಿರಲಿಲ್ಲ.

ಅತ್ತೆ ಕೂಲರಿನ ಎದುರಿನಿಂದ ಎದ್ದು, ನನ್ನ ಭುಜ ಹಿಡಿದು ಅಲ್ಲಿ ಕೂಡಿಸಿದಳು.

“ಯಾವತ್ತು ಹೋಗೂದು ಹೇಳು.”

ಬಲಗಣ್ಣಿನ ಆಪರೇಷನ್ ಆಯಿತು. ಅವಳು ಒಳಗಿದ್ದಷ್ಟು ಹೊತ್ತು ಮಾವ ಹೊರಗೆ ಬೆಂಚಿನ ಮೇಲೆ ಕೂತು ಕಿಸೆಯಲ್ಲಿ ಏನನ್ನೋ ತಿರುಗಿಸುತ್ತಿದ್ದರು. ಆಮೇಲೆ ನೋಡಿದರೆ ನಾಲ್ಕು ತೊಗರಿಕಾಳು. ಪಟ್ಟಿ ತೆಗೆದ ಮೇಲೆ ಅತ್ತೆ ಮೊದಲು ನೋಡಿದ್ದು ನನ್ನನ್ನು.

“ಏ, ನಿನ್ನ ತಲಿಯಾಗ ಇಷ್ಟು ಬಿಳೀ ಕೂದಲು ಯಾವಾಗ ಬಂದ್ವು? ನನಗ ಯಾರೂ ಹೇಳೇ ಇಲ್ಲ.”

ಆಮೇಲೆ ಮಾವನನ್ನು. “ಈ ಅಂಗಿ ಹಾಕ್ಕೊಂಡು ದವಾಖಾನಿಗಿ ಬಂದೀರೇನ್ರಿ?”

ಊರಿಗೆ ಹೋಗಿ ಕೆಲವು ದಿನವಾದ ಮೇಲೆ ಅವಳು ಹಿಂದಿನ ವರ್ಷ ಹೊಲಿದ ಕೌದಿ ಬಿಡಿಸಿ ನೋಡಿದಳಂತೆ. ಹೊಲಿಗೆಯ ಸಾಲುಗಳು ಕುಡಿದವರ ಹಾಗೆ ನಡೆದಿದ್ದವು. ಅಷ್ಟನ್ನೂ ಬಿಚ್ಚಿ ಹಾಕಿದಳು. ಅವಳ ಪುಣ್ಯ, ಆ ಹೊತ್ತಿಗೆ ಸೂಜಿಗೆ ದಾರ ತಾನೇ ಪೋಣಿಸುತ್ತಿದ್ದಳು.

ಆದರೆ ಆಟ ಕೆಟ್ಟಿತು. ಈಗ ಅವಳು ಎಲೆ ನೋಡುತ್ತಾಳೆ. ಕಪ್ಪು ಕನ್ನಡಕ ಹಣೆಗೇರಿಸಿ, ಒಂದೊಂದನ್ನೂ ಮೂರು ಸಲ ನೋಡುತ್ತಾಳೆ. ಸಣ್ಣ ಎಲೆ ಬಂದರೆ ಮುಖ ಸಣ್ಣದಾಗುತ್ತದೆ. ನಾವು ಎಂಟು ಕಾಳು ಹಾಕಿದರೆ ಇವಳು ಬಟ್ಟಲಿನ ಮೇಲೆ ಕೈ ಮುಚ್ಚಿಕೊಳ್ಳುತ್ತಾಳೆ. ಕೂಲರಿನ ಎದುರಿಗೆ ಈಗ ಹೆಚ್ಚಾಗಿ ಆಪಾ ಕೂಡುತ್ತಾಳೆ.

“ನಿನ್ನ ಡಾಕ್ಟರ್ ನನ್ನ ಧೈರ್ಯಾನೂ ಕೂಡಿ ತಗದು ಒಗದಾನ,” ಎಂದು ನನ್ನನ್ನು ಬೈದಳು. “ಮೊದಲ ಛಲೋ ಇತ್ತು. ಎಲಿ ಕಾಣ್ತಿರಲಿಲ್ಲ, ನಿಮ್ಮ ಸಪ್ಪಳ ಕೇಳ್ತಿತ್ತು.”

“ಏನು ಸಪ್ಪಳ?”

“ಕಾಳಿನ ಸಪ್ಪಳ. ಎಲಿ ಛಲೋ ಇದ್ರ ನಿನ್ನ ಕಾಳು ತಾಟಿಗಿ ಒಮ್ಮೆಲೇ ಬೀಳ್ತಾವ. ಇಲ್ಲಂದ್ರ ಒಂದೊಂದೇ ಬೀಳ್ತಾವ. ನಿಮ್ಮ ಮಾವ ಛಲೋ ಎಲಿ ಬಂದ್ರ ಉಸಿರಾಡೂದೇ ಬಿಡ್ತಾರ. ಕಡೀತನಕ ಕೇಳಸ್ಕೋತ ಕೂಡೂದು, ಆಮ್ಯಾಲ ಏರಸೂದು. ಅದರಾಗೇನದ?”

ಕನ್ನಡಿಯ ಎದುರು ನಾನು ಮಾಡಿದ ಕಲ್ಲಿನ ಮುಖ ನೆನಪಾಯಿತು. ಒಂದು ವಿಷಯ ಕೇಳಬಾರದಿತ್ತು, ಕೇಳಿದೆ.

“ಹಂಗಾದ್ರ ನಾ ಗೆದ್ದ ದಿನ ಏನ್ ಕೇಳಿಸ್ತು ಅತ್ತಿ?”

“ನೀ ಗೆದ್ದ ದಿನ?” ಅತ್ತೆ ಆಪಾಳ ಕಡೆ ನೋಡಿದಳು. ಆಪಾ ತನ್ನ ಬಟ್ಟಲಿನ ಕಾಳು ಎಣಿಸತೊಡಗಿದಳು. “ಅಷ್ಟು ವಾರ ಸೋತಾಕಿ, ಗೆದ್ದ್ ಮ್ಯಾಲ ಮನಿ ತಲಿ ಮ್ಯಾಲ ಮಾಡಬೇಕಾಗಿತ್ತು. ಏನೂ ಕೇಳಸಲಿಲ್ಲ. ಪಡಸಾಲಿ ತುಂಬ ಏನೂ ಕೇಳಸಲಿಲ್ಲ.”

ಅಷ್ಟೇ ಹೇಳಿದಳು. ಮಾವ ಎಲೆ ಹಂಚಿದರು.

ಇನ್ನು ಎಡಗಣ್ಣು ಉಳಿದಿತ್ತು. ಡಾಕ್ಟರು ಹೇಳಿದ ಸಮಯ ಬಂದಿತ್ತು. ನಾನು ಕೇಳುವ ಮೊದಲೇ ಅತ್ತೆ ಬೆರಳೆತ್ತಿದಳು. “ಎರಡನೇದಕ್ಕೂ ಅದೇ ಶರತ್ತು. ಈ ಸಲ ನಾನೂ ನೋಡಿ ಆಡ್ತೀನಿ, ನೀನೂ ನೋಡಿ ಆಡು. ಸಾಕ್ಷಿ ಬ್ಯಾಡ.” ಆಪಾ ನಿಟ್ಟುಸಿರು ಬಿಟ್ಟಳು.

ಮಾವ, ಆಪಾ ಬಿಟ್ಟುಕೊಟ್ಟರು. ಇಬ್ಬರೇ ಉಳಿದೆವು. ನನ್ನ ಕೈಯಲ್ಲಿ ಎರಡು ಐದು ಇದ್ದವು, ಸಣ್ಣ ಜೋಡಿ. ನಾನು ಇಪ್ಪತ್ತು ಕಾಳನ್ನು ಎಣಿಸಿಕೊಂಡು, ತಾಟಿನ ಅಂಚಿಗೆ ಕೈ ಒತ್ತಿ, ಸಪ್ಪಳವಾಗದ ಹಾಗೆ ಮೆಲ್ಲಗೆ ಜಾರಿಸಿದೆ.

ಅತ್ತೆ ನಕ್ಕಳು. ತನ್ನ ಮೂರೆಲೆಗಳನ್ನು ಮತ್ತೊಮ್ಮೆ ಬಿಡಿಸಿ ನೋಡಿದಳು. ಕನ್ನಡಕ ಹಣೆಯ ಮೇಲಿತ್ತು, ಬಲಗಣ್ಣು ತಿಳಿಯಾಗಿತ್ತು. ಬಹಳ ಹೊತ್ತು ನೋಡಿದಳು. ಅವಳ ಬಟ್ಟಲಿನಲ್ಲಿ ಇನ್ನೂ ಅರ್ಧದಷ್ಟು ಕಾಳಿದ್ದವು.

“ಪ್ಯಾಕ್,” ಎಂದಳು.

ಅವಳ ಬಾಯಲ್ಲಿ ಆ ಪದವನ್ನು ಇಬ್ಬರೇ ಉಳಿದ ಆಟದಲ್ಲಿ ಅದಕ್ಕೂ ಮೊದಲು ಕೇಳಿರಲಿಲ್ಲ. ಈ ಮಟ್ಟಿಗೆ ನನ್ನ ನೆನಪನ್ನು ನಂಬಬಹುದು, ಮಾವನೂ ಹೌದೆಂದಿದ್ದಾರೆ. ಅವಳು ಬೋರಲಾಗಿಟ್ಟ ಎಲೆಗಳ ಕಡೆ ನಾನು ಕೈ ಚಾಚಿದೆ. ಕೈಯ ಮೇಲೆ ಪಟ್ಟನೆ ಒಂದು ಏಟು ಬಿತ್ತು.

“ಮಡಚಿಟ್ಟ ಎಲಿ ನೋಡಬಾರದು. ಇಷ್ಟು ಓದೀದಿ, ಇದೊಂದು ಗೊತ್ತಿಲ್ಲೇನು?”

ಮೂರನ್ನೂ ಕಟ್ಟಿನ ನಡುವೆ ತೂರಿಸಿ, ತಾನೇ ಎರಡು ಸಲ ಕಲಸಿ, ಮಾವನ ಕೈಗೆ ಕೊಟ್ಟಳು. ಆಮೇಲೆ ಚಹಾಕ್ಕೆ ನೀರಿಡಲು ಎದ್ದು, ಅಡುಗೆಮನೆಯ ಬಾಗಿಲಲ್ಲಿ ತಿರುಗಿ, “ಈ ಸಲ ಅವರಿಗಿ ಹೊಸ ಅಂಗಿ ಹೊಲಿ ಆಪಾ. ದವಾಖಾನಿಗಿ ಹೋಗೂದದ,” ಎಂದಳು.